ಯೆಜ್ಡಿಯ ಉಸಿರು ಮತ್ತು ಎರಡು ಆಯಿಲ್ ಸೀಲುಗಳು

ಗೆಳೆಯರೇ, ನಮಸ್ಕಾರ.

ಹೊರಗೆ ಸಾಲಾಗಿ ನಿಂತಿರುವ ಜಾವಾ, ಯೆಜ್ಡಿ ಬೈಕುಗಳನ್ನು ಒಂದೊಂದಾಗಿ ನೋಡಿಕೊಂಡೇ ಒಳಗೆ ಬಂದೆ. ಅವೆಲ್ಲ ಹುಟ್ಟಿದ್ದು ಇದೇ ಮೈಸೂರಿನ ಯಾದವಗಿರಿಯಲ್ಲಿ. 1961ರಲ್ಲಿ ಜಾವಾ ಎಂಬ ಹೆಸರಿನಲ್ಲಿ ಶುರುವಾದದ್ದು ಎಪ್ಪತ್ತರ ದಶಕದಲ್ಲಿ ಯೆಜ್ಡಿಯಾಯಿತು. 1996ರಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಬಾಗಿಲು ಹಾಕಿತು. ಅಂದರೆ ನಮ್ಮಲ್ಲಿ ತೀರಾ ಕಿರಿಯ ಗಾಡಿಗೂ ಮೂವತ್ತರ ಆಸುಪಾಸಿನ ವಯಸ್ಸು. ಅದರ ಎಂಜಿನ್ನಿನೊಳಗಿನ ಆಯಿಲ್ ಸೀಲು ಎಂಬ ರಬ್ಬರ್ ಬಳೆಗಳಿಗೂ ಅಷ್ಟೇ ವಯಸ್ಸಾಗಿದ್ದರೆ ಇವತ್ತಿನ ನನ್ನ ಮಾತು ನಿಮಗಾಗಿಯೇ.

ಕೆಲವು ವರ್ಷಗಳ ಹಿಂದೆ ನಂಜನಗೂಡಿನಿಂದ ಬರುತ್ತಿದ್ದಾಗ ಕಡಕೊಳದ ಹತ್ತಿರ ನನ್ನ ಯೆಜ್ಡಿ ರೋಡ್‌ಕಿಂಗ್ ಸೀಜ್ ಆಯಿತು, ಅಂದರೆ ಪಿಸ್ಟನ್ ಸಿಲಿಂಡರಿನೊಳಗೆ ಕಚ್ಚಿಕೊಂಡಿತು. ಬೇಸಿಗೆಯ ಮಧ್ಯಾಹ್ನ. ಹಿಂದಿನ ಚಕ್ರ ಕಿರ್ರೆಂದು ಎಳೆದುಕೊಂಡು ಹೋಗಿ ನಿಂತಿತು. ಗ್ಯಾರೇಜಿನವರು ಸಿಲಿಂಡರಿನ ಒಳಗೋಡೆ ಕೊರೆಸಿ, ಅಂದರೆ ಬೋರ್ ಮಾಡಿಸಿ, ಹೊಸ ಪಿಸ್ಟನ್ ಹಾಕಿದರು, ಪ್ಲಗ್ಗು ಬದಲಾಯಿಸಿದರು, ಕಾಯಿಲ್ ಬದಲಾಯಿಸಿದರು, ಕಾರ್ಬುರೇಟರ್ ಕೂಡ ಹೊಸದು ತರಿಸಿದರು. ಎರಡು ಸಾವಿರ ಕಿಲೋಮೀಟರ್ ಓಡಿಸುವಷ್ಟರಲ್ಲಿ ಮತ್ತೆ ಸೀಜ್. ಕೊನೆಗೆ ಕಾರ್ಖಾನೆಯಲ್ಲಿ ದುಡಿದಿದ್ದ ಹಿರಿಯರೊಬ್ಬರ ಮನೆಗೆ ಗಾಡಿ ತಳ್ಳಿಕೊಂಡು ಹೋದೆ. ತಣ್ಣಗಾದ ಮೇಲೆ ಎಂಜಿನ್ ಹೇಗೋ ಬಿಟ್ಟುಕೊಂಡಿತ್ತು. ಅವರು ಸ್ಟಾರ್ಟ್ ಮಾಡಿ ಒಮ್ಮೆ ಆಕ್ಸಿಲರೇಟರ್ ತಿರುಗಿಸಿ ಬಿಟ್ಟರು. ಎಂಜಿನ್ನಿನ ಸದ್ದು ತಕ್ಷಣ ಇಳಿಯಲಿಲ್ಲ. ಮೇಲೆಯೇ ತೂಗಾಡಿ ನಿಧಾನಕ್ಕೆ ಇಳಿಯಿತು. ಅವರು ಹೇಳಿದ್ದು ಇಷ್ಟೇ: "ಕಾರ್ಬುರೇಟರ್ ತಂಟೆಗೆ ಹೋಗಬೇಡಿ. ಬಲಗಡೆ ಕವರ್ ಬಿಚ್ಚಿ." ಅಲ್ಲಿದ್ದ ಆಯಿಲ್ ಸೀಲಿನ ತುಟಿ ಉಗುರಿನ ಹಾಗೆ ಗಟ್ಟಿಯಾಗಿತ್ತು.

ಇದು ಯಾಕೆ ಹೀಗೆ ಎನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಕ್ರ್ಯಾಂಕಿನ, ಅಂದರೆ ಪಿಸ್ಟನ್ ತಿರುಗಿಸುವ ದಂಡದ, ಸೀಲು ಹೋದರೆ ನೆಲದ ಮೇಲೆ ಎಣ್ಣೆ ಬೀಳುತ್ತದೆ, ಕಣ್ಣಿಗೆ ಕಾಣುತ್ತದೆ. ನಮ್ಮ ಗಾಡಿಗಳಂಥ ಎರಡು ಸ್ಟ್ರೋಕಿನದರಲ್ಲಿ ಕ್ರ್ಯಾಂಕನ್ನು ಸುತ್ತಿಕೊಂಡಿರುವ ಕ್ರ್ಯಾಂಕ್‌ಕೇಸ್ ಎಂದರೆ ಬರೀ ಡಬ್ಬಿಯಲ್ಲ, ಅದೇ ಶ್ವಾಸಕೋಶ. ಪಿಸ್ಟನ್ ಮೇಲೆ ಹೋದಾಗ ಕೆಳಗಡೆ ನಿರ್ವಾತ ಉಂಟಾಗಿ ಕಾರ್ಬುರೇಟರಿನಿಂದ ಪೆಟ್ರೋಲು, ಗಾಳಿ, ಎಣ್ಣೆ ಒಟ್ಟಿಗೆ ಒಳಗೆ ಬರುತ್ತವೆ. ಪಿಸ್ಟನ್ ಕೆಳಗಿಳಿದಾಗ ಅದೇ ಮಿಶ್ರಣ ಒತ್ತಡಕ್ಕೆ ಸಿಕ್ಕಿ ಮೇಲಿನ ಕೋಣೆಗೆ ಏರುತ್ತದೆ. ಈ ಎಳೆತ ಒತ್ತಡಗಳನ್ನೆಲ್ಲ ತಡೆದು ನಿಂತಿರುವುದು ಕ್ರ್ಯಾಂಕಿನ ಎರಡು ಬದಿಯ ಎರಡು ರಬ್ಬರ್ ತುಟಿಗಳು. ಬಲಗಡೆಯದು ಡೈನಮೋ ಕಡೆ, ಎಡಗಡೆಯದು ಕ್ಲಚ್ಚಿನ ಕಡೆ. ಎರಡೂ ಹಾಳಾಗುತ್ತವೆ, ಆದರೆ ಒಂದೊಂದರ ಕಾಯಿಲೆ ಒಂದೊಂದು ಥರ.

ಬಲಗಡೆಯದು ಸೋತರೆ ಬರೀ ಗಾಳಿ ಒಳಗೆ ನುಗ್ಗುತ್ತದೆ. ಆ ಗಾಳಿಗೆ ಪೆಟ್ರೋಲೂ ಇಲ್ಲ, ಎಣ್ಣೆಯೂ ಇಲ್ಲ. ಮಿಶ್ರಣ ತೆಳುವಾಗುತ್ತದೆ, ಎಂಜಿನ್ ಕಾಯುತ್ತದೆ, ಪ್ಲಗ್ಗಿನ ತುದಿ ಬೆಳ್ಳಗಾಗುತ್ತದೆ, ಆಕ್ಸಿಲರೇಟರ್ ಮುಟ್ಟದಿದ್ದರೂ ಎಂಜಿನ್ನಿನ ವೇಗ (ಐಡ್ಲಿಂಗ್) ತಾನಾಗಿ ಏರುತ್ತದೆ. ಗಾಡಿ ಮೊದಲಿಗಿಂತ ಚುರುಕಾಗಿದೆ ಎಂದು ಸಂತೋಷವೂ ಆಗಬಹುದು. ಸೀಜ್ ಆಗುವ ಮುಂಚಿನ ದಿನಗಳಲ್ಲಿ ನನಗೆ ಹಾಗೇ ಅನ್ನಿಸಿತ್ತು. ಎಡಗಡೆಯದು ಸೋತರೆ ಎಂಜಿನ್ ಗೇರ್ ಆಯಿಲನ್ನೇ ಕುಡಿಯುತ್ತದೆ, ಏಕೆಂದರೆ ನಮ್ಮ ಗಾಡಿಯಲ್ಲಿ ಕ್ರ್ಯಾಂಕಿನಿಂದ ಕ್ಲಚ್ಚಿಗೆ ಹೋಗುವ ಪ್ರೈಮರಿ ಚೈನಿಗೂ ಗೇರ್‌ಬಾಕ್ಸಿಗೂ ಒಂದೇ ಎಣ್ಣೆ. ಎರಡು ಸೈಲೆನ್ಸರಿನಿಂದಲೂ ದಟ್ಟ ಹೊಗೆ, ಕಪ್ಪಗೆ ಒದ್ದೆಯಾದ ಪ್ಲಗ್ಗು, ನೆಲದ ಮೇಲೆ ಒಂದು ತೊಟ್ಟೂ ಇಲ್ಲದಿದ್ದರೂ ಇಳಿಯುತ್ತಿರುವ ಗೇರ್ ಆಯಿಲ್ ಮಟ್ಟ. ಹೊಗೆ ನೋಡಿದ ಕೂಡಲೇ ಪೆಟ್ರೋಲಿಗೆ ಬೆರೆಸುವ 2ಟಿ ಆಯಿಲ್ ಕಡಿಮೆ ಮಾಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಲೀಟರಿಗೆ 40 ಮಿ.ಲೀ. ಹಾಕುತ್ತಿದ್ದವರು 20ಕ್ಕೆ ಇಳಿಸಿದರೆ ಹೊಗೆ ನಿಲ್ಲುವುದಿಲ್ಲ, ಪಿಸ್ಟನ್ ನಿಲ್ಲುತ್ತದೆ.

ಸೀಲು ಕೊಳ್ಳುವಾಗ ಒಂದು ಮಾತು. ಹೊಸದಾಗಿ ಹೊಳೆಯುತ್ತಿದೆ ಎಂದು ಕೊಳ್ಳಬೇಡಿ. ವರ್ಷಗಟ್ಟಲೆ ಅಂಗಡಿಯ ಅಟ್ಟದಲ್ಲಿದ್ದ ಹಳೆಯ ಸ್ಟಾಕ್ ಒರಿಜಿನಲ್ ಆದರೂ ರಬ್ಬರ್ ರಬ್ಬರೇ. ತುಟಿಯನ್ನು ಬೆರಳಲ್ಲಿ ಮಡಚಿ ನೋಡಿ, ಸಣ್ಣ ಬಿರುಕು ಕಂಡರೂ ಬಿಟ್ಟುಬಿಡಿ. ಹಳೆಯ ಸೀಲಿನ ಒಳವ್ಯಾಸ, ಹೊರವ್ಯಾಸ, ದಪ್ಪ ಮೂರನ್ನೂ ವರ್ನಿಯರ್‌ನಲ್ಲಿ ಅಳೆದುಕೊಂಡು ಹೋದರೆ ಕೈಗಾರಿಕಾ ಸೀಲು ಮಾರುವ ಅಂಗಡಿಗಳಲ್ಲಿ ಅದೇ ಅಳತೆಯ, ವೈಟಾನ್ ಎಂಬ ರಬ್ಬರಿನ ಸೀಲು ಸಿಗುವ ಸಾಧ್ಯತೆ ಹೆಚ್ಚು. ಮಾಮೂಲು ನೈಟ್ರೈಲ್ ರಬ್ಬರಿಗಿಂತ ಬೆಲೆ ಜಾಸ್ತಿ, ಆದರೆ ಶಾಖವನ್ನೂ ಈಗಿನ ಪೆಟ್ರೋಲನ್ನೂ ತಡೆದುಕೊಳ್ಳುತ್ತದೆ. ಸೀಲು ಹಾಕುವಾಗಲೇ ಕ್ರ್ಯಾಂಕನ್ನು ಮೇಲೆ ಕೆಳಗೆ ಅಲ್ಲಾಡಿಸಿ ನೋಡಿ. ಬೇರಿಂಗು ಸವೆದು ಕ್ರ್ಯಾಂಕ್ ಕುಣಿಯುತ್ತಿದ್ದರೆ ಎಂಥ ಸೀಲೂ ಉಳಿಯುವುದಿಲ್ಲ. ಬೇರಿಂಗ್ ತರುವಾಗ ಬರೀ ನಂಬರ್ ಹೇಳಿದರೆ ಸಾಲದು, ಕೊನೆಯಲ್ಲಿ ಸಿ3 ಎಂದಿರಬೇಕು. ಬಿಸಿಯಲ್ಲಿ ಹಿಗ್ಗುವುದಕ್ಕೆ ಒಳಗೆ ಸ್ವಲ್ಪ ಹೆಚ್ಚು ಜಾಗ ಬಿಟ್ಟಿರುವ ಬೇರಿಂಗು ಅದು.

ಈಗಿನ ಪೆಟ್ರೋಲು ಅಂದೆನಲ್ಲ, ಅದನ್ನೂ ಹೇಳಿಬಿಡುತ್ತೇನೆ. ಇವತ್ತು ಬಂಕಿನಲ್ಲಿ ಸಿಗುವುದು ಇ20, ಅಂದರೆ ನೂರಕ್ಕೆ 20 ಭಾಗ ಎಥೆನಾಲ್. ಒಂದು ಕೆ.ಜಿ. ಶುದ್ಧ ಪೆಟ್ರೋಲು ಪೂರ್ತಿ ಉರಿಯಲು ಸುಮಾರು 14.7 ಕೆ.ಜಿ. ಗಾಳಿ ಬೇಕು, ಎಥೆನಾಲಿಗೆ 9 ಸಾಕು. ನಮ್ಮ ಕಾರ್ಬುರೇಟರಿಗೆ ಈ ಲೆಕ್ಕ ಗೊತ್ತಿಲ್ಲ, ಅದು ಹಳೆಯ ಅಳತೆಯಲ್ಲೇ ಗಾಳಿ ಕೊಡುತ್ತದೆ. ಹಾಗಾಗಿ ಸೀಲು ಚೆನ್ನಾಗಿದ್ದರೂ ಮಿಶ್ರಣ ಒಂದಿಷ್ಟು ತೆಳುವಾಗಿಯೇ ಇರುತ್ತದೆ. ಪ್ಲಗ್ಗು ಕಾಫಿಪುಡಿ ಬಣ್ಣಕ್ಕೆ ಬರುವ ತನಕ ಕಾರ್ಬುರೇಟರಿನಲ್ಲಿ ಪೆಟ್ರೋಲು ಹರಿಯುವ ತೂತಾದ ಮೇನ್ ಜೆಟ್ಟನ್ನು ಒಂದೊಂದೇ ಸೈಜು ಏರಿಸಿ ನೋಡಿ. ಆದರೆ ಮೊದಲು ಸೀಲು, ಆಮೇಲೆ ಜೆಟ್ಟು. ಗಾಳಿ ಸೋರುವ ಎಂಜಿನ್ನಿಗೆ ದೊಡ್ಡ ಜೆಟ್ಟು ಹಾಕಿದರೆ ಕಾಯಿಲೆಯನ್ನು ಮುಚ್ಚಿಟ್ಟಂತಾಗುತ್ತದೆ.

ಎಥೆನಾಲಿನ ಇನ್ನೊಂದು ಗುಣ, ಅದು ನೀರನ್ನು ಎಳೆದುಕೊಳ್ಳುತ್ತದೆ. ಮಲೆನಾಡಿನವರು, ಕರಾವಳಿಯವರು ಮಳೆಗಾಲದ ಮೂರು ತಿಂಗಳು ಗಾಡಿ ಮುಚ್ಚಿಡುತ್ತೀರಿ. ಆ ತೇವ ಟ್ಯಾಂಕಿಗಿಳಿದರೆ ನೀರು, ಎಥೆನಾಲ್ ಎರಡೂ ಸೇರಿ ತಳಕ್ಕೆ ಕೂರುತ್ತವೆ. ತುಕ್ಕು ಶುರುವಾಗುವುದು ಅಲ್ಲಿಂದ. ಒಂದು ತಿಂಗಳಿಗಿಂತ ಹೆಚ್ಚು ಓಡಿಸುವುದಿಲ್ಲ ಎಂದಾದರೆ ಟ್ಯಾಂಕ್ ಖಾಲಿ ಮಾಡಿ, ಒಳಗೋಡೆಗೆ ಎಣ್ಣೆ ಸವರಿದಂತಾಗುವ ಹಾಗೆ ಸ್ವಲ್ಪ 2ಟಿ ಸುರಿದು ಅಲ್ಲಾಡಿಸಿ. ಕಾರ್ಬುರೇಟರ್ ಬೋಗುಣಿಯನ್ನೂ ಬರಿದು ಮಾಡಿ.

ಅಲಂಕಾರದ ಸಾಮಾನುಗಳ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ಹಳೆಯ 6 ವೋಲ್ಟ್ ಜಾವಾಕ್ಕೆ ದೊಡ್ಡ ಹ್ಯಾಲೊಜೆನ್ ಹಾಕುವವರು ಮಾತ್ರ ಒಂದು ಲೆಕ್ಕ ನೋಡಿ. ಆ ಡೈನಮೋ ಕೊಡುವುದೇ 45 ವ್ಯಾಟ್. 55 ವ್ಯಾಟಿನ ಬಲ್ಬು ಎಲ್ಲಿಂದ ಉರಿಯಬೇಕು? ಹೆಡ್‌ಲೈಟ್ ಮಂಕಾಗಿದ್ದರೆ ಅರ್ಥಿಂಗ್ ಕೊಡುವ ಜಾಗಗಳ ಬಣ್ಣ ಕೆರೆದು ಬಿಗಿ ಮಾಡಿ, ಸ್ವಿಚ್ಚಿನ ತುಕ್ಕು ತೆಗೆಯಿರಿ. ಎಷ್ಟೋ ಸಲ ಅಷ್ಟಕ್ಕೇ ಬೆಳಕು ವಾಪಸ್ ಬರುತ್ತದೆ.

ಸೈಲೆನ್ಸರ್ ಒಳಗೆ ಸದ್ದು ತಗ್ಗಿಸುವ ಬ್ಯಾಫಲ್ ತೊಳೆಯಲು ಕಾಸ್ಟಿಕ್ ಸೋಡಾ ಬಳಸುವವರು ಅದನ್ನು ಕಬ್ಬಿಣಕ್ಕೆ ಮಾತ್ರ ಮುಟ್ಟಿಸಿ. ಅಲ್ಯುಮಿನಿಯಂ ಹೆಡ್ಡಿಗೆ ತಾಗಿದರೆ ಲೋಹವನ್ನೇ ತಿಂದುಹಾಕುತ್ತದೆ. ಕೈಗೆ ಗ್ಲೌಸು, ಕಣ್ಣಿಗೆ ಕನ್ನಡಕ ಮರೆಯಬೇಡಿ.

ಬೋರ್ ಮಾಡಿಸುವುದಕ್ಕೆ ನಾನು ಇಷ್ಟು ಹೆದರುವುದು ಯಾಕೆಂದು ಕೇಳುತ್ತೀರಿ. ಈ ಸಿಲಿಂಡರ್ ಹುಟ್ಟುವಾಗ 65 ಮಿ.ಮೀ. ಪ್ರತಿ ಸಲ ಬೋರ್ ಮಾಡಿಸಿದಾಗ 0.25 ಮಿ.ಮೀ. ಹೋಗುತ್ತದೆ. ಹೋದ ಲೋಹ ಮತ್ತೆ ಬರುವುದಿಲ್ಲ. ಹೊಸ ಸಿಲಿಂಡರ್ ಎರಕ ಹೊಯ್ಯಲು ಯಾದವಗಿರಿಯಲ್ಲಿ ಈಗ ಕಾರ್ಖಾನೆಯಿಲ್ಲ. ಒಂದು ಸೀಲನ್ನು ಉದಾಸೀನ ಮಾಡಿ ನಾನು ಅಂಥ ಎರಡು ಮೆಟ್ಟಿಲು ಕಳೆದುಕೊಂಡೆ. ಆ ನೋವು ಈಗಲೂ ಇದೆ.

ಸೋರಿಕೆ ಪತ್ತೆ ಮಾಡುವುದು ಕಷ್ಟವಲ್ಲ. ಕಾರ್ಬುರೇಟರ್ ಬಾಯಿಗೂ ಎರಡು ಎಕ್ಸಾಸ್ಟ್ ಬಾಯಿಗೂ ರಬ್ಬರ್ ಬಿರಡೆ ಬಡಿದು, ಪಿಸ್ಟನ್ನನ್ನು ಪೂರ್ತಿ ಕೆಳಗಿಳಿಸಿ, ಪ್ಲಗ್ಗಿನ ಜಾಗದಲ್ಲಿ ಅಡಾಪ್ಟರ್ ಕೂರಿಸಿ ಸೈಕಲ್ ಪಂಪಿನಿಂದ 5–6 ಪಿಎಸ್ಐ ಒತ್ತಡದ ಗಾಳಿ ಕೊಡಬೇಕು, ಅದಕ್ಕಿಂತ ಹೆಚ್ಚು ಬೇಡ. ಒತ್ತಡದ ಮೀಟರಿನ ಮುಳ್ಳು ಐದಾರು ನಿಮಿಷ ಹೆಚ್ಚುಕಡಿಮೆ ಅಲ್ಲೇ ನಿಂತರೆ ಎಂಜಿನ್ ಆರೋಗ್ಯವಾಗಿದೆ. ಬೇಗ ಇಳಿದರೆ ಬಲಗಡೆ ಸೀಲಿನ ಸುತ್ತ, ಹೆಡ್ಡಿನ ಬುಡದಲ್ಲಿ, ಜೋಡಣೆಯ ಗೆರೆಯುದ್ದಕ್ಕೂ ಸೋಪಿನ ನೀರು ಹಚ್ಚಿ ಗುಳ್ಳೆ ಹುಡುಕಿ. ಎಲ್ಲೂ ಗುಳ್ಳೆ ಇಲ್ಲದೆ ಮುಳ್ಳು ಇಳಿಯುತ್ತಿದ್ದರೆ ಗೇರ್ ಆಯಿಲ್ ತುಂಬುವ ಬಿರಡೆ ತೆಗೆದು ಅಲ್ಲಿ ಕಿವಿ ಇಡಿ. ಬುಸ್ ಎಂಬ ಸದ್ದು ಕೇಳಿದರೆ ಎಡಗಡೆಯ ಸೀಲು ಹೋಗಿದೆ.

ಪಂಪು, ಮೀಟರು, ಬಿರಡೆಗಳನ್ನೆಲ್ಲ ತಂದಿದ್ದೇನೆ. ಚಹಾ ಕುಡಿದು ಅಂಗಳಕ್ಕೆ ಬನ್ನಿ. ಎಂಜಿನ್ ತಣ್ಣಗಾಗಿರುವ ಗಾಡಿಯಿಂದ ಶುರು ಮಾಡೋಣ.