ಸೊಲ್ಲಾಪುರದ ಹುತಾತ್ಮಾ ಬಾಗ್

ಕೇಳುಗರೆಲ್ಲರಿಗೂ ನಮಸ್ಕಾರ.

ಸೊಲ್ಲಾಪುರದ ಹಳೇ ಕೋಟೆಯ ಮಗ್ಗುಲಿಗೆ ಒಂದು ಉದ್ಯಾನ ಇದೆ. ಹುತಾತ್ಮಾ ಬಾಗ್ ಅಂತಾರೆ. ಸಂಜೆಯಾದರೆ ಮಕ್ಕಳ ಗದ್ದಲ. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆ ಬಂತೆಂದರೆ ಕೇಳೋದೇ ಬೇಡ. ಅಕ್ಕಲಕೋಟೆ, ಇಂಡಿ ಕಡೆಯವರು ನೆರಳು ನೋಡಿ ಕೂತು ಬುತ್ತಿ ಬಿಚ್ಚುತ್ತಾರೆ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಮೇಲೊಂದಿಷ್ಟು ಮೊಸರು. ಒಂದೇ ಕಟ್ಟೆಯ ಮೇಲೆ ಕನ್ನಡ, ಮರಾಠಿ, ತೆಲುಗು, ಉರ್ದು ಎಲ್ಲಾ ಕಿವಿಗೆ ಬೀಳುತ್ತವೆ. ಆದರೆ ಆ ಹುತಾತ್ಮರು ಯಾರು ಅಂತ ಕೇಳಿದರೆ ಹುಡುಗರು ಸುಮ್ನೆ ಮುಖ ನೋಡುತ್ತಾರೆ. ನನಗೆ ಸಂಕಟ ಆಗೋದು ಅಲ್ಲೇ.

ಸೊಲ್ಲಾಪುರ ಅಂದರೆ ಆಗ ಬಟ್ಟೆ ಗಿರಣಿ. 1877ರಲ್ಲಿ ಶುರುವಾದ ಗಿರಣಿಗೆ ಜೂನಿ ಗಿರಣಿ, ಅಂದರೆ ಹಳೇ ಗಿರಣಿ, ಅಂತಲೇ ಹೆಸರು. 1930ರ ಮೇ 5ರಂದು ಗಾಂಧೀಜಿಯವರನ್ನು ಹಿಡಿದ ಸುದ್ದಿ ಬಂದಾಗ ಊರಿಗೆ ಊರೇ ಬೀದಿಗಿಳಿಯಿತು. ಗಿರಣಿ ಕೆಲಸಗಾರರು ಮಗ್ಗ ಬಿಟ್ಟು ಬಂದರು. ಮೇ 8ರಂದು ಪೊಲೀಸರು ಗುಂಡು ಹಾರಿಸಿದರು. ಶಂಕರ ಶಿವದಾರೆ ಎಂಬ ತರುಣ ಸತ್ತ. ಜನರ ಸಿಟ್ಟು ಅಲ್ಲಿಗೆ ನಿಲ್ಲಲಿಲ್ಲ. ಒಂದೆರಡಲ್ಲ, ಮೂರು ದಿನ ಊರಲ್ಲಿ ಬ್ರಿಟಿಷರ ಆಡಳಿತ ನಡೆಯಲೇ ಇಲ್ಲ.

ಮೇ 12ಕ್ಕೆ ಸೈನ್ಯ ಬಂತು. ಊರಿಗೆ ಮಾರ್ಷಲ್ ಲಾ, ಅಂದರೆ ಸೈನ್ಯದ ಆಡಳಿತ, ಬಿತ್ತು. ತಲೆ ಮೇಲೆ ಗಾಂಧಿ ಟೋಪಿ ಕಂಡರೂ ಸೈನಿಕರು ಬಿಡುತ್ತಿರಲಿಲ್ಲ. ಅದು ಮುಗಿದದ್ದು ಜೂನ್ 30ಕ್ಕೆ.

ಪೊಲೀಸರ ಕೊಲೆಯ ಆರೋಪ ಹೊರಿಸಿ ನಾಲ್ವರಿಗೆ ಗಲ್ಲುಶಿಕ್ಷೆ ಕೊಟ್ಟರು. ಹೆಸರುಗಳನ್ನು ನಿಧಾನವಾಗಿ ಹೇಳುತ್ತೇನೆ, ಕೇಳಿ. ಮಲ್ಲಪ್ಪ ಧನಶೆಟ್ಟಿ. ಜಗನ್ನಾಥ ಶಿಂದೆ. ಶ್ರೀಕಿಸನ್ ಸಾರ್ಡಾ. ಕುರ್ಬಾನ್ ಹುಸೇನ್. ಧನಶೆಟ್ಟಿಯವರು ಲಿಂಗಾಯತರು, ಶಿಂದೆ ಮರಾಠರು, ಸಾರ್ಡಾ ಮಾರವಾಡಿ ಮನೆತನದವರು. ಹುಸೇನ್ ಪತ್ರಿಕೆ ನಡೆಸುತ್ತಿದ್ದ ಹುಡುಗ. ನಾಲ್ವರನ್ನೂ ಒಂದೇ ದಿನ, 1931ರ ಜನವರಿ 12ರಂದು, ಪುಣೆಯ ಯರವಡಾ ಜೈಲಿನಲ್ಲಿ ಗಲ್ಲಿಗೇರಿಸಿದರು.

ಊರಿನ ಚೌಕದಲ್ಲಿ ನಾಲ್ವರ ಪುತ್ಥಳಿಗಳೂ ಇವೆ. ಜನವರಿ 12ಕ್ಕೆ ಹಾರ ಹಾಕುತ್ತಾರೆ. ಅದರ ಹಿಂದೆಯೇ ಜಾತ್ರೆ ಬರುತ್ತದೆ, ಅಲ್ವಾ? ಬಾಗ್‌ನಲ್ಲಿ ಊಟ ಮುಗಿದ ಮೇಲೆ ಮಕ್ಕಳನ್ನು ಅಲ್ಲಿಗೂ ಕರೆದುಕೊಂಡು ಹೋಗಿ. ಒಬ್ಬೊಬ್ಬರ ಹೆಸರೂ ಅವರ ಬಾಯಿಂದಲೇ ಹೇಳಿಸಿ. ಕುರ್ಬಾನ್ ಹುಸೇನರಿಗೆ ಆಗ ಇಪ್ಪತ್ತರ ಆಸುಪಾಸಿನ ವಯಸ್ಸು ಅಂತಲೂ ತಿಳಿಸಿ.

ನಮಸ್ಕಾರ.