ಫೆರಾರಾದ ಗೋಡೆಯ ಮೇಲೆ ವರಾಹಮಿಹಿರನ ಪುರುಷ

ಕೇಳುಗರಿಗೆ ನಮಸ್ಕಾರ.

ಇಟಲಿಯ ಫೆರಾರಾದಲ್ಲಿ ಸ್ಕಿಫನೋಯಾ ಎಂಬ ಅರಮನೆಯಿದೆ. ಅದರ ದೊಡ್ಡ ಹಜಾರದ ಗೋಡೆಗಳ ಮೇಲೆ 1470ರ ಸುಮಾರಿಗೆ ಹನ್ನೆರಡು ತಿಂಗಳುಗಳ ಚಿತ್ರ ಬರೆಸಿದವನು ಊರಿನ ದೊರೆ ಬೋರ್ಸೋ ದ ಎಸ್ತೆ. ಒಂದೊಂದು ತಿಂಗಳಿಗೂ ಮೂರು ಪಟ್ಟಿ. ಮೇಲೆ ರಥವೇರಿದ ರೋಮನ್ ದೇವತೆ, ಕೆಳಗೆ ದೊರೆಯ ಆಸ್ಥಾನದ ದಿನಚರಿ. ನಡುವಿನ ಕಡುಬಣ್ಣದ ಪಟ್ಟಿಯಲ್ಲಿ ರಾಶಿಯ ಚಿಹ್ನೆ, ಜೊತೆಗೆ ಮೂರು ವಿಚಿತ್ರ ಆಕೃತಿಗಳು. ಮಾರ್ಚ್ ತಿಂಗಳ ಚಿತ್ರದಲ್ಲಿ, ಮೇಷದ ಮೊದಲನೆಯವನನ್ನು ಕಣ್ಣ ಮುಂದೆ ತಂದುಕೊಳ್ಳಿ: ಕಪ್ಪು ಮೈ, ಹರಿದ ಬಿಳಿ ಬಟ್ಟೆ, ಸೊಂಟಕ್ಕೆ ಹಗ್ಗ, ಆ ಹಗ್ಗದ ತುದಿ ಅವನದೇ ಕೈಯಲ್ಲಿ.

ಇವನು ಯಾರು? ಗ್ರೀಕ್ ಪುರಾಣದಲ್ಲಿ ಹುಡುಕಿದರೆ ಸಿಗುವುದಿಲ್ಲ, ಬೈಬಲಿನಲ್ಲೂ ಇಲ್ಲ. ಉತ್ತರ ಕೊಟ್ಟವನು ಜರ್ಮನಿಯ ಕಲಾ ಇತಿಹಾಸಕಾರ ಆಬಿ ವಾರ್ಬುರ್ಗ್, 1912ರ ಅಕ್ಟೋಬರಿನಲ್ಲಿ, ರೋಮಿನಲ್ಲಿ ನಡೆದ ಕಲಾ ಇತಿಹಾಸಕಾರರ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ.

ಅವನ ದಾರಿ ಹೀಗಿತ್ತು. ಮೂರು ಆಕೃತಿ, ಹನ್ನೆರಡು ರಾಶಿ, ಒಟ್ಟು 36. ಮೂವತ್ತು ಡಿಗ್ರಿಯ ರಾಶಿಯನ್ನು ಹತ್ತತ್ತು ಡಿಗ್ರಿಗೆ ಸೀಳಿದರೆ ಬರುವ ಲೆಕ್ಕ ಇದೇ. ನಮ್ಮ ಜ್ಯೋತಿಷ್ಯ ಬಲ್ಲವರಿಗೆ ಇದು ಹೊಸದಲ್ಲ. ನಾವು ಇದನ್ನು ದ್ರೇಕ್ಕಾಣ ಎನ್ನುತ್ತೇವೆ. ಒಂಬತ್ತನೆಯ ಶತಮಾನದಲ್ಲಿ ಬಾಗ್ದಾದಿನಲ್ಲಿದ್ದ ಜ್ಯೋತಿಷಿ ಅಬೂ ಮಾಶರ್ ತನ್ನ ಗ್ರಂಥದಲ್ಲಿ ಪ್ರತಿ ದ್ರೇಕ್ಕಾಣಕ್ಕೂ ಭಾರತೀಯರು ಹೇಳುವ ರೂಪವನ್ನು ಬೇರೆಯಾಗಿಯೇ ಬರೆದಿಟ್ಟಿದ್ದ. ಮೇಷದ ಮೊದಲನೆಯದಕ್ಕೆ: ಕೆಂಗಣ್ಣಿನ ಕಪ್ಪು ಮನುಷ್ಯ, ನಡುವಿಗೆ ಹಗ್ಗ ಬಿಗಿದ ಬಿಳಿ ಉಡುಪು, ಕೋಪಿಷ್ಠ, ಕಾವಲಿಗೆ ನಿಂತವನು. ಇನ್ನೂ ಹಿಂದೆ, ಆರನೆಯ ಶತಮಾನದ ವರಾಹಮಿಹಿರನ ಬೃಹಜ್ಜಾತಕವನ್ನು ತೆರೆದರೆ ಅದೇ ಪುರುಷ: ಸೊಂಟಕ್ಕೆ ಬಿಳಿ ವಸ್ತ್ರ, ಕಪ್ಪು ಬಣ್ಣ, ಕೆಂಪು ಕಣ್ಣು, ಎತ್ತಿ ಹಿಡಿದ ಕೊಡಲಿ.

ಆ ಕೊಡಲಿಯ ಕಡೆ ಗಮನವಿಡಿ. ಬಾಗ್ದಾದ್ ತಲುಪುವಷ್ಟರಲ್ಲಿ ಅದು ಕಳೆದುಹೋಗಿದೆ, ಬದಲಿಗೆ ಹಗ್ಗ ಬಂದಿದೆ. ಅಲ್ಲಿಂದ ಹೀಬ್ರೂ, ಹಳೆಯ ಫ್ರೆಂಚ್, ಲ್ಯಾಟಿನ್ ಭಾಷೆಗಳನ್ನು ದಾಟಿ ಈ ವರ್ಣನೆ ಉತ್ತರ ಇಟಲಿಗೆ ಬಂತು. ಚಿತ್ರಕಾರನ ಮುಂದೆ ಹಳೆಯ ಮಾದರಿ ಚಿತ್ರವಿರಬೇಕು ಎಂದುಕೊಂಡು ಹುಡುಕಿದವರು ಸೋಲುವುದು ಇಲ್ಲೇ. ಪಯಣಿಸಿದ್ದು ಮಾತು, ಆ ಮಾತಿಗೆ ಪ್ರತಿ ಊರಿನಲ್ಲೂ ಹೊಸದಾಗಿ ಮೈ ಬಂತು. ಈ ಆಕೃತಿ ಮೂಲದಲ್ಲಿ ಗ್ರೀಕ್ ವೀರ ಪರ್ಸಿಯಸ್ಸೇ, ಪೂರ್ವಕ್ಕೆ ಹೋಗಿ ವೇಷ ಬದಲಿಸಿ ಮರಳಿದ ಎಂಬುದು ವಾರ್ಬುರ್ಗನ ವಾದ. ಯುರೋಪಿನ ಪುನರುಜ್ಜೀವನ ಯುರೋಪಿನೊಳಗೇ ಮುಗಿಯುವ ಕಥೆಯಲ್ಲ ಎಂದು ಆ ಕಾಲದಲ್ಲಿ ಹೀಗೆ ತೋರಿಸುವುದಕ್ಕೆ ದೊಡ್ಡ ಎದೆಗಾರಿಕೆ ಬೇಕಿತ್ತು.

ವಾರ್ಬುರ್ಗ್ ಹುಟ್ಟಿದ್ದು 1866ರ ಜೂನ್ 13ರಂದು, ಹ್ಯಾಂಬರ್ಗಿನ ಯಹೂದಿ ಬ್ಯಾಂಕರ್ ಮನೆತನದ ಹಿರಿಯ ಮಗನಾಗಿ. ಹದಿಮೂರನೆಯ ವಯಸ್ಸಿನಲ್ಲಿ ಬ್ಯಾಂಕಿನ ಹಿರಿತನವನ್ನು ತಮ್ಮ ಮ್ಯಾಕ್ಸ್‌ಗೆ ಬಿಟ್ಟುಕೊಟ್ಟು, ತಾನು ಕೇಳಿದ ಪುಸ್ತಕಗಳನ್ನೆಲ್ಲ ಕೊಡಿಸಬೇಕು ಎಂದು ಮಾತು ಪಡೆದನಂತೆ. ಇದನ್ನು ಮ್ಯಾಕ್ಸನೇ ಮುಂದೆ ಹೇಳಿದ್ದಾನೆ. ಇಟಲಿಯ ಚಿತ್ರಕಾರ ಬೊಟಿಚೆಲ್ಲಿಯ ಮೇಲಿನ ಪ್ರಬಂಧ 1893ರಲ್ಲಿ ಅಚ್ಚಾಯಿತು. ಅದರಲ್ಲಿ ಅವನ ಕಣ್ಣು ನೆಟ್ಟಿದ್ದು ದೇವತೆಯ ಮುಖದ ಮೇಲಲ್ಲ, ಗಾಳಿಗೆ ಹಾರುವ ಕೂದಲು ಮತ್ತು ಸೆರಗಿನ ಮೇಲೆ.

1918ರಲ್ಲಿ ಮನಸ್ಸು ಕುಸಿಯಿತು. 1924ರವರೆಗೆ ಆಸ್ಪತ್ರೆಗಳಲ್ಲೇ ಇದ್ದ. 1923ರಲ್ಲಿ ಸ್ವಿಟ್ಜರ್ಲೆಂಡಿನ ಕ್ರೊಯ್ಟ್ಸ್‌ಲಿಂಗೆನ್ ಚಿಕಿತ್ಸಾಲಯದಲ್ಲಿ, ತಾನು ಹಿಂದೆ ಅಮೆರಿಕದಲ್ಲಿ ಕಂಡ ಹೋಪಿ ಎಂಬ ಮೂಲನಿವಾಸಿ ಜನರ ಲೋಕ ಮತ್ತು ಅವರ ಸರ್ಪಾಚರಣೆಯ ಕುರಿತು ಉಪನ್ಯಾಸ ಕೊಟ್ಟು, ಬುದ್ಧಿ ಸ್ಥಿಮಿತದಲ್ಲಿದೆ ಎಂದು ತೋರಿಸಿದ.

ಅವನ ಗ್ರಂಥಾಲಯದಲ್ಲಿ ಪುಸ್ತಕಗಳು ಅಕಾರಾದಿಯಾಗಿ ನಿಲ್ಲುತ್ತಿರಲಿಲ್ಲ, ವಿಷಯದ ನಂಟಿನಿಂದ ನಿಲ್ಲುತ್ತಿದ್ದವು. ನೀವು ಅರಸಿ ಬಂದ ಪುಸ್ತಕಕ್ಕಿಂತ ಅದರ ನೆರೆಯ ಪುಸ್ತಕವೇ ನಿಮಗೆ ಬೇಕಾದದ್ದಾಗಿರಬಹುದು ಎಂಬುದು ಅವನ ನಂಬಿಕೆ. ಇದರ ತೊಡಕೂ ಉಂಟು: ಹೊಸ ನಂಟು ಹೊಳೆದಾಗಲೆಲ್ಲ ಕಪಾಟನ್ನೇ ಕಲಕಬೇಕು, ನಿನ್ನೆ ಇದ್ದ ಪುಸ್ತಕ ಇಂದು ಅಲ್ಲಿರದು. ಇದನ್ನು ಅನ್ಯರೂ ಬಳಸುವಂತೆ ಒಪ್ಪ ಮಾಡಿದವನು ಸಹಾಯಕ ಫ್ರಿಟ್ಸ್ ಸಾಕ್ಸ್ಲ್.

ಕೊನೆಯ ವರ್ಷಗಳಲ್ಲಿ ಕಪ್ಪು ಬಟ್ಟೆ ಹೊದಿಸಿದ ಫಲಕಗಳ ಮೇಲೆ ಛಾಯಾಚಿತ್ರಗಳನ್ನು ಸಿಕ್ಕಿಸಿ, ಸ್ಥಾನ ಪಲ್ಲಟಿಸಿ, ಪ್ರತಿ ಜೋಡಣೆಯ ಫೋಟೊ ತೆಗೆಸುತ್ತಿದ್ದ. 1929ರ ಅಕ್ಟೋಬರ್ 26ರಂದು ತೀರಿಕೊಂಡಾಗ ಆ ಕೆಲಸ ಅರ್ಧದಲ್ಲಿತ್ತು. ನಾಲ್ಕು ವರ್ಷದ ಮೇಲೆ, ನಾಜಿಗಳು ಅಧಿಕಾರ ಹಿಡಿದಾಗ, ಸಾಕ್ಸ್ಲ್ ಮತ್ತು ಗ್ರಂಥಾಲಯದ ಸಹೋದ್ಯೋಗಿ ಗೆರ್ಟ್ರೂಡ್ ಬಿಂಗ್ ಅಲ್ಲಿನ ಸುಮಾರು 60,000 ಪುಸ್ತಕಗಳನ್ನು ಪೆಟ್ಟಿಗೆಗಳಿಗೆ ತುಂಬಿಸಿ, ಎರಡು ಹಡಗುಗಳಲ್ಲಿ ಲಂಡನ್ನಿಗೆ ಸಾಗಿಸಿದರು.