ಚಿಟಕೆ ದನಿಯ ಎರಡು ಭಾಷೆಗಳು

ಕೇಳುಗರಿಗೆ ನಮಸ್ಕಾರ. ಊಟ ಮುಗಿಸಿ ರೇಡಿಯೋ ಹಾಕಿಕೊಂಡು ಕೂತಿದ್ದೀರಿ ಅಂದುಕೊಂಡು ಮಾತು ಶುರು ಮಾಡುತ್ತೇನೆ. ಮೊದಲು ನೀವು ಒಂದು ಕೆಲಸ ಮಾಡಬೇಕು. ಅಂಗೈಯನ್ನು ಬಾಯಿಯ ಹತ್ತಿರ ಹಿಡಿಯಿರಿ. 'ಖ' ಅನ್ನಿ. ಕೈಗೆ ಉಸಿರು ತಾಗಿತು, ಅಲ್ವಾ? ಈಗ 'ಕ' ಅನ್ನಿ. ಅಷ್ಟು ತಾಗಲಿಲ್ಲ. ಇನ್ನು ಮೂರನೆಯದು. ಭಾರ ಎತ್ತುವಾಗ ಉಸಿರು ಬಿಗಿ ಹಿಡಿಯುತ್ತೀರಲ್ಲ, ಹಾಗೇ ಹಿಡಿದು, ಉಸಿರು ಬಿಡದೆ 'ಕ್' ಅನ್ನಿ. ಬಾಟಲಿಯ ಬಿರಡೆ ಕಿತ್ತ ಹಾಗೆ ಪಟ್ ಅಂತ ಸದ್ದು ಬರಬೇಕು. ಬರದಿದ್ದರೆ ನಾಳೆ ಮತ್ತೆ ಮಾಡಿ, ಖಂಡಿತ ಬರುತ್ತದೆ.

ನಾನು ಇದಕ್ಕೆ ಚಿಟಕೆ ದನಿ ಅನ್ನುತ್ತೇನೆ. ಕನ್ನಡದಲ್ಲಿ ಈ ದನಿ ಇಲ್ಲ. ಇವತ್ತು ನಾನು ಹೇಳಲು ಬಂದಿರುವ ಎರಡು ಭಾಷೆಗಳಲ್ಲಿ ಇದು ದಿನಬಳಕೆಯ ದನಿ. ಒಂದು, ಕಾಕಸಸ್ ಬೆಟ್ಟಸಾಲಿನ ಜಾರ್ಜಿಯನ್. ಇನ್ನೊಂದು, ಇಥಿಯೋಪಿಯದ ಅಮ್ಹಾರಿಕ್. ಜಾರ್ಜಿಯದ ರಾಜಧಾನಿ ತ್ಬಿಲಿಸಿಗೂ ಇಥಿಯೋಪಿಯದ ರಾಜಧಾನಿ ಅಡಿಸ್ ಅಬಾಬಾಕ್ಕೂ ನಡುವೆ 3,500 ಕಿಲೋಮೀಟರಿಗೂ ಜಾಸ್ತಿ ದೂರ. ಆದರೂ ಎರಡು ಕಡೆಯೂ ಕ, ಟ, ಚಗಳು ಹೀಗೆ ಪಟಪಟ ಸಿಡಿಯುತ್ತವೆ. ಹಾಗಾದರೆ ಇವು ನೆಂಟರೇ? ಅಲ್ಲ. ದನಿ ಹೊಂದಿದ ಮಾತ್ರಕ್ಕೆ ನೆಂಟಸ್ತಿಕೆ ಆಗುವುದಿಲ್ಲ. ಇವತ್ತು ನಾನು ಹೇಳಬೇಕೆಂದಿರುವುದು ಇದೊಂದೇ.

ಇದು ನನಗೆ ಮನದಟ್ಟಾಗಿದ್ದು ತರಗತಿಯಲ್ಲಿ ಅಲ್ಲ, ಒಂದು ಎಸ್‌ಟಿಡಿ ಬೂತಿನ ಮುಂದೆ. ಆಗ ನಾನು ಸಂಶೋಧನೆ ಮಾಡುತ್ತಿದ್ದೆ. ಪರದೇಶದ ವಿದ್ಯಾರ್ಥಿಗಳ ಹಾಸ್ಟೆಲು ಪಕ್ಕದಲ್ಲೇ. ಭಾನುವಾರ ಬೂತಿನ ಮುಂದೆ ದೊಡ್ಡ ಸಾಲು ಇರುತ್ತಿತ್ತು. ಒಳಗಿನಿಂದ ಆ ಸಿಡಿಯುವ ಸದ್ದು ಕೇಳಿಸಿತು. ಓಹೋ, ನಮ್ಮ ಇಥಿಯೋಪಿಯದ ಗೆಳೆಯ ಅವನ ಅಮ್ಮನ ಜೊತೆ ಮಾತಾಡುತ್ತಿದ್ದಾನೆ ಅಂದುಕೊಂಡೆ. ಬಾಗಿಲು ತೆರೆಯಿತು. ಹೊರಗೆ ಬಂದವಳು ಜಾರ್ಜಿಯದ ಹುಡುಗಿ!

ಅವತ್ತು ಸಂಜೆಯೇ ಇಬ್ಬರನ್ನೂ ಮೆಸ್ಸಿನ ಮೇಜಿನ ಹತ್ತಿರ ಕೂರಿಸಿದೆ. ಒಂದು ನೋಟ್‌ಬುಕ್ಕಿನಲ್ಲಿ ಎರಡು ಪಟ್ಟಿ ಎಳೆದೆ. ಮನೆಗೆ ಏನನ್ನುತ್ತೀರಿ? ಅವಳು 'ಸಾಖ್ಲಿ' ಅಂದಳು, ಅವನು 'ಬೇತ್' ಅಂದ. ಕಣ್ಣಿಗೆ? 'ತ್ವಾಲಿ', 'ಆಯ್ನ್'. ತಲೆಗೆ? 'ತಾವಿ', 'ರಾಸ್'. ನೀರಿಗೆ? 'ತ್ಸ್‌ಕಾಲಿ', 'ವುಹಾ'. ಅಮ್ಮನಿಗೆ ಅವಳು 'ದೇದಾ' ಅಂದಳು, ಅವನು 'ಇನ್ನಾತ್'. ಅಪ್ಪನಿಗೆ ಜಾರ್ಜಿಯನ್ನರು 'ಮಾಮಾ' ಅನ್ನುತ್ತಾರೆ ಅಂತ ಕೇಳಿ ಅಡುಗೆಯವರು ಸೌಟು ಹಿಡಿದುಕೊಂಡೇ ಬಂದು ನಿಂತರು. ಇಪ್ಪತ್ತು ಪದ ಬರೆದೆವು. ಒಂದೂ ಕೂಡಿಬರಲಿಲ್ಲ.

ಅಷ್ಟರಲ್ಲಿ ಸುಡಾನಿನ ಒಬ್ಬ ವಿದ್ಯಾರ್ಥಿ ಚಹಾ ಲೋಟ ಹಿಡಿದು ಬಂದ. ಅವನದು ಅರಬ್ಬಿ. ಅರಬ್ಬಿಯಲ್ಲಿ ಈ ಚಿಟಕೆ ದನಿ ಇಲ್ಲ, ನೆನಪಿಡಿ. ಪಟ್ಟಿಯನ್ನು ಓದಿ ಹೇಳಿದೆ. 'ಬೇತ್' ಅಂದೆ. "ನಮ್ಮಲ್ಲಿ ಬೈತ್" ಅಂದ. 'ಆಯ್ನ್' ಅಂದೆ. "ನಮ್ಮಲ್ಲೂ ಅಯ್ನ್." 'ರಾಸ್' ಅಂದೆ. ಅವನು ಲೋಟ ಕೆಳಗಿಟ್ಟು ತನ್ನ ತಲೆ ಮುಟ್ಟಿ ತೋರಿಸಿದ. ಇಥಿಯೋಪಿಯದ ಹೈಲೆ ಸೆಲಾಸಿ ಚಕ್ರವರ್ತಿ ಪಟ್ಟಕ್ಕೆ ಬರುವ ಮುಂಚೆ ರಾಸ್ ತಫಾರಿ ಆಗಿದ್ದರಲ್ಲ, ಅದೂ ಇದೇ ರಾಸ್. ತಲೆಯಾಳು, ಮುಖಂಡ ಅಂತ.

ನೋಡಿ, ಎಷ್ಟು ಚೆನ್ನಾಗಿದೆ! ದನಿಯಲ್ಲಿ ಹತ್ತಿರ ಇದ್ದವಳು ನೆಂಟಳಲ್ಲ. ದನಿಯಲ್ಲಿ ದೂರ ಇದ್ದವನು ದಾಯಾದಿ. ಅಮ್ಹಾರಿಕ್, ಅರಬ್ಬಿ, ಹೀಬ್ರೂ ಎಲ್ಲ ಸೆಮಿಟಿಕ್ ಮನೆತನ. ಬೆತ್ಲೆಹೇಮಿನ ಮೊದಲ ತುಂಡು ಕೂಡ ಅದೇ 'ಬೇತ್', ಮನೆ. ಜಾರ್ಜಿಯನ್ನಿನ ಮನೆತನವೇ ಬೇರೆ, ತೀರಾ ಸಣ್ಣದು. ಮಿಂಗ್ರೇಲಿಯನ್, ಲಾಜ್, ಸ್ವಾನ್, ಅಷ್ಟೇ ಒಡಹುಟ್ಟಿದವರು. ಜಾರ್ಜಿಯನ್ ಕಣ್ಣು 'ತ್ವಾಲಿ' ಆದರೆ ಮಿಂಗ್ರೇಲಿಯನ್ ಕಣ್ಣು 'ತೋಲಿ'. ನಮ್ಮ ಕಣ್ಣು, ತಮಿಳಿನ ಕಣ್, ತೆಲುಗಿನ ಕನ್ನು ಇದ್ದ ಹಾಗೆ. ನೆಂಟಸ್ತಿಕೆ ಹುಡುಕಬೇಕಾದ್ದು ಇಂಥ ಮನೆಮಾತಿನ ಪದಗಳಲ್ಲಿ.

ಪದ ಬೆಳೆಯುವ ರೀತಿಯೂ ಬೇರೆ. ಜಾರ್ಜಿಯನ್ನಿನಲ್ಲಿ ಸಾಖ್ಲಿ, ಸಾಖ್ಲೆಬಿ, ಸಾಖ್ಲೆಬ್‌ಶಿ. ಅಂದರೆ ಮನೆ, ಮನೆಗಳು, ಮನೆಗಳಲ್ಲಿ. ನಮ್ಮ ಹಾಗೇ ಬಾಲಕ್ಕೆ ಬಾಲ ಜೋಡಿಸುತ್ತಾ ಹೋಗುವುದು. ಅಮ್ಹಾರಿಕ್‌ನಲ್ಲಿ ಸ-ಬ-ರ ಅನ್ನುವ ಮೂರು ಅಕ್ಷರದ ಬೇರು ಇದೆ. 'ಸಬ್ಬರ' ಅಂದರೆ ಅವನು ಒಡೆದ. 'ಯಿಸಬ್ರಾಲ್', ಒಡೆಯುತ್ತಾನೆ. 'ತಸಬ್ಬರ', ಒಡೆದುಹೋಯಿತು. ಬೇರಿನ ಒಳಗೇ ಸ್ವರಗಳು ಆಡುತ್ತವೆ. ಹಾಗಾದರೆ ಜಾರ್ಜಿಯನ್ ಕನ್ನಡಕ್ಕೆ ನೆಂಟನೇ ಅಂತ ದಯವಿಟ್ಟು ಕೇಳಬೇಡಿ. ಜೋಡಿಸುವ ರೀತಿ ಒಂದೇ, ಜೋಡಿಸುವ ಸಾಮಾನು ಬೇರೆ.

ಲಿಪಿಯ ವಿಷಯ ಎರಡೇ ಮಾತಿನಲ್ಲಿ. ಜಾರ್ಜಿಯನ್ ಅಕ್ಷರ ದುಂಡಗಿದೆ, ನಮ್ಮದರಂತೆ ಕಾಣುತ್ತದೆ ಅಂತ ತುಂಬ ಜನ ಹೇಳುತ್ತಾರೆ. ಅಲ್ಲಿ ಸ್ವರಕ್ಕೂ ಪ್ರತ್ಯೇಕ ಅಕ್ಷರ ಬರೆಯಬೇಕು, ಕಾಗುಣಿತ ಇಲ್ಲ. ಕಾಗುಣಿತ ಇರುವುದು ಅಮ್ಹಾರಿಕ್‌ನಲ್ಲಿ. ಅಲ್ಲಿನ ಮಕ್ಕಳು ಲ, ಲು, ಲಿ, ಲಾ, ಲೇ, ಲ್, ಲೋ ಅಂತ ರಾಗವಾಗಿ ಹೇಳುತ್ತಾರೆ, ಒಂದೊಂದಕ್ಕೆ ಏಳು ರೂಪ. ಜಾರ್ಜಿಯನ್ನಿನಲ್ಲಿ 33 ಅಕ್ಷರ, ಅಮ್ಹಾರಿಕ್‌ನಲ್ಲೂ 33 ಮೂಲಾಕ್ಷರ. ಲೆಕ್ಕ ಕೂಡಿದೆ, ಅಷ್ಟೇ. ಅದರಿಂದ ನೆಂಟಸ್ತಿಕೆ ಆಗುವುದಿಲ್ಲ.

ಎತ್ತರದ ನಾಡಿನ ಗಾಳಿಗೂ ಚಿಟಕೆ ದನಿಗೂ ಸಂಬಂಧ ಇದೆ ಅಂತ 2013ರಲ್ಲಿ ಕೇಲೆಬ್ ಎವೆರೆಟ್ ಎಂಬ ವಿದ್ವಾಂಸರು ಬರೆದರು. ಅದರ ಬಗ್ಗೆ ಹೇಳಬೇಕೆಂದಿದ್ದೆ, ಆದರೆ ಸಮಯ ಮುಗಿಯುತ್ತಿದೆ ಅಂತ ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ.

ಒಂದು ಕಲಿಸಿಬಿಡುತ್ತೇನೆ. ತರೀಕೆರೆ ಏರಿ ಮೇಲೆ ಮೂರು ಕರಿ ಕುರಿಮರಿ ಅಂತ ನಾವು ಮಕ್ಕಳಿಗೆ ಹೇಳಿಸುತ್ತೇವಲ್ಲ, ಜಾರ್ಜಿಯದವರು ಹೇಳಿಸುವುದು ಇದು: 'ಬಾಕಾಕಿ ತ್ಸ್‌ಕಾಲ್‌ಶಿ ಕಿಕಿನೆಬ್ಸ್'. ಕಪ್ಪೆ ನೀರಿನಲ್ಲಿ ವಟಗುಟ್ಟುತ್ತಿದೆ ಅಂತ. ಇದರಲ್ಲಿ ಐದು 'ಕ' ಇವೆ. ಐದೂ ಗಂಟಲಾಳದಿಂದ, ಉಸಿರು ಬಿಗಿ ಹಿಡಿದು, ಪಟ್ ಅಂತ ಸಿಡಿಯಬೇಕು. ಸರಿಯಾಗಿ ಹೇಳಿದರೆ ಕಪ್ಪೆ ಕೂಗಿದ ಹಾಗೇ ಕೇಳಿಸುತ್ತದೆ. ಮನೆಯ ಮಕ್ಕಳನ್ನು ಕೂರಿಸಿಕೊಂಡು ಇವತ್ತೇ ಹೇಳಿ ನೋಡಿ. ನಮಸ್ಕಾರ.